ಸ್ಥಳೀಯ ಎಫ್‌ಎಂ ಬಾನುಲಿ: ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ರೇಡಿಯೊ ಕೇಳುವವರು, ಅಂಗಡಿಗೆ ಜಾಹೀರಾತು ಕೊಡಬೇಕೆನ್ನುವವರು, ಊರಿಗೊಂದು ಸಮುದಾಯ ಬಾನುಲಿ ತರಬೇಕೆಂದು ಓಡಾಡುವವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇವೆ. ಕೇಳುವ ತೊಂದರೆಗಳು ಮೊದಲು, ಕೇಂದ್ರ ನಡೆಸುವ ವಿಚಾರ ಕೊನೆಗೆ.

## ಕೇಳುವವರಿಗೆ

ನಮ್ಮ ಕಡೆ ಯಾವ್ಯಾವ ಎಫ್‌ಎಂ ಅದಾವ್ರೀ? ಎಲ್ಲಾ ಆಕಾಶವಾಣಿದೇ ಏನು?

ಈ ಭಾಗದ ಕೇಳುಗರಿಗೆ ಸ್ಥಳೀಯ ಕೇಂದ್ರ ಎಂದರೆ ಮುಖ್ಯವಾಗಿ ಆಕಾಶವಾಣಿಯ ಹೊಸಪೇಟೆ ಮತ್ತು ರಾಯಚೂರು ಕೇಂದ್ರಗಳು. ಹೊಸಪೇಟೆಯ ಕಂಪನಾಂಕ 100.5 ಮೆಗಾಹರ್ಟ್ಸ್. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಯಿತು, ಆದರೆ ಕೇಳುಗರು ಬೇರೆಯಾಗಿಲ್ಲ. ಕಂಪ್ಲಿ, ಗಂಗಾವತಿ, ಕೊಪ್ಪಳದವರಿಗೆ ಇವತ್ತಿಗೂ ಅದೇ ಹತ್ತಿರದ ಕೇಂದ್ರ.

ಎಫ್‌ಎಂನಲ್ಲಿ ಮೂರು ಬಗೆ: ಪ್ರಸಾರ ಭಾರತಿ ನಡೆಸುವ ಆಕಾಶವಾಣಿ, ಹರಾಜಿನಲ್ಲಿ ಪರವಾನಗಿ ಪಡೆದ ಖಾಸಗಿ ವಾಹಿನಿ, ಲಾಭದ ಉದ್ದೇಶವಿಲ್ಲದ ಸಂಸ್ಥೆ ನಡೆಸುವ ಸಮುದಾಯ ಬಾನುಲಿ. ಕಲ್ಯಾಣ ಕರ್ನಾಟಕದಲ್ಲಿ ಖಾಸಗಿ ಎಫ್‌ಎಂ ಮೊದಲು ಬಂದದ್ದು ಕಲಬುರಗಿಗೆ. ಬಳ್ಳಾರಿ, ರಾಯಚೂರು, ಹೊಸಪೇಟೆಗಳು ಹರಾಜಿನ ಪಟ್ಟಿ ಸೇರಿದ್ದು ಬಹಳ ತಡವಾಗಿ. ಅದರ ವಿವರ ಕೆಳಗಿದೆ.

ಹೊಸಪೇಟ್ಯಾಗ ಕನ್ನಡಿ ಹಂಗ ಕೇಳಸ್ತೈತಿ, ನಮ್ಮೂರಾಗ ಬರೇ ಕರಕರ. ಯಾಕ?

ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತದೆ. ಧಾರವಾಡದ 765 ಕಿಲೋಹರ್ಟ್ಸ್, ಕಲಬುರಗಿಯ 1107 ಕಿಲೋಹರ್ಟ್ಸ್ ಮೀಡಿಯಂ ವೇವ್ ನೆಲವನ್ನು ಹಿಡಿದು ಬಹುದೂರ ಬರುತ್ತಿದ್ದವು. ಎಫ್‌ಎಂಗೆ ಆ ಗುಣವಿಲ್ಲ.

ಎಷ್ಟು ದೂರ ತಲುಪೀತು ಎಂಬುದಕ್ಕೆ ಒಂದು ಲೆಕ್ಕವಿದೆ. ಗೋಪುರದ ಎತ್ತರದ ವರ್ಗಮೂಲಕ್ಕೆ ನಿಮ್ಮ ಆಂಟೆನಾ ಎತ್ತರದ ವರ್ಗಮೂಲ ಕೂಡಿಸಿ, 4.12ರಿಂದ ಗುಣಿಸಿ. ಎತ್ತರ ಮೀಟರಿನಲ್ಲಿದ್ದರೆ ಉತ್ತರ ಕಿಲೋಮೀಟರಿನಲ್ಲಿ ಬರುತ್ತದೆ. ಗೋಪುರ 100 ಮೀಟರ್ ಇದ್ದು, ನೀವು ಅಂಗಳದಲ್ಲಿ ರೇಡಿಯೊವನ್ನು ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದರೆ ಸುಮಾರು 46 ಕಿ.ಮೀ.; ಮಾಳಿಗೆ ಮೇಲೆ 10 ಮೀಟರ್ ಎತ್ತರಕ್ಕೆ ಆಂಟೆನಾ ಏರಿಸಿದರೆ ಸುಮಾರು 54. ಇದು ಬಯಲಿನ ಲೆಕ್ಕ. ನಮ್ಮ ಕಡೆ ಬಂಡೆಗುಡ್ಡ ಹೆಚ್ಚು. ಆನೆಗೊಂದಿ, ಕೊಪ್ಪಳ ಕೋಟೆ, ಸಂಡೂರು ಸಾಲು ಇವುಗಳ ಮರೆಗೆ ಬಿದ್ದ ಊರಿನಲ್ಲಿ ಗೋಪುರ ಹತ್ತಿರವೇ ಇದ್ದರೂ ದನಿ ಒಡೆಯುತ್ತದೆ. ಬಂಡೆಗೆ ಬಡಿದು ಬಂದ ಅಲೆ ನೇರವಾಗಿ ಬಂದ ಅಲೆಯನ್ನು ಕೆಲವು ಜಾಗದಲ್ಲಿ ಅಳಿಸಿಬಿಡುತ್ತದೆ. ಅದಕ್ಕೇ ರೇಡಿಯೊವನ್ನು ಎರಡು ಮೂರು ಅಡಿ ಸರಿಸಿದರೆ ದನಿ ತಟ್ಟನೆ ಸರಿಯಾಗುವುದುಂಟು. ಮೊದಲು ಅದನ್ನೇ ಮಾಡಿ ನೋಡಿ, ಖರ್ಚಿಲ್ಲ.

ಮನ್ಯಾಗ ಆಂಟೆನಾ ಮಾಡ್ಕೋಬಹುದೇನ್ರೀ? ಎಷ್ಟುದ್ದ ತಂತಿ ಬೇಕು?

ಮಾಡಿಕೊಳ್ಳಬಹುದು. ಬೇಕಾದದ್ದು ಇಷ್ಟು: ಒಂದೂವರೆ ಮೀಟರ್ ತಾಮ್ರದ ತಂತಿ ಅಥವಾ ಅಲ್ಯುಮಿನಿಯಂ ಕೊಳವೆ, ಡಿಶ್‌ಗೆ ಬಳಸುವ 75 ಓಮ್ ಕೇಬಲ್, ಒಂದು ಪಿವಿಸಿ ಪೈಪು, ಒಂದು ಕ್ಲಿಪ್ಪು, ಇನ್ಸುಲೇಷನ್ ಟೇಪು.

143ನ್ನು ಕಂಪನಾಂಕದಿಂದ ಭಾಗಿಸಿದರೆ ಆಂಟೆನಾದ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 100.5ಕ್ಕೆ ಅದು 1.42 ಮೀಟರ್. ಅದನ್ನು 71 ಸೆಂಟಿಮೀಟರಿನ ಎರಡು ತುಂಡು ಮಾಡಿ ಪೈಪಿನ ಮೇಲೆ ಎದುರುಬದುರು ಕಟ್ಟಿ, ನಡುವೆ ಎರಡು ಸೆಂಟಿಮೀಟರ್ ಬಿಡಿ. ಕೇಬಲ್ಲಿನ ನಡುತಂತಿಯನ್ನು ಒಂದು ತುಂಡಿಗೆ, ಹೊರಗಿನ ಜಾಲರಿಯನ್ನು ಇನ್ನೊಂದಕ್ಕೆ ಬೆಸುಗೆ ಹಾಕಿ. ಬೆಸುಗೆ ಹಾಕಿದ ಜಾಗಕ್ಕೆ ನೀರು ಇಳಿಯದಂತೆ ಟೇಪು ಸುತ್ತಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಡುವ ಆಂಟೆನಾಗಳಲ್ಲಿ ಬಹುಪಾಲು ಕೆಡುವುದು ಇಲ್ಲಿಯೇ.

ರೇಡಿಯೊದಲ್ಲಿ ಆಂಟೆನಾ ಚುಚ್ಚುವ ಜಾಗವಿಲ್ಲದಿದ್ದರೆ ನಡುತಂತಿಯನ್ನು ಅದರ ಉದ್ದ ಕಡ್ಡಿಗೆ ಕ್ಲಿಪ್ ಮಾಡಿ, ಜಾಲರಿಯನ್ನು ಬ್ಯಾಟರಿಯ ಋಣ ತುದಿಯ ಸ್ಪ್ರಿಂಗಿಗೆ ತಾಗಿಸಿ. ಇದು ಬರೀ ಸೆಲ್ಲಿನ ಮೇಲೆ ನಡೆಯುವ ರೇಡಿಯೊಗೆ ಮಾತ್ರ. ಕರೆಂಟಿಗೆ ಹಚ್ಚಿದ ಸೆಟ್ಟಿನಲ್ಲಿ ಮಾಡಬೇಡಿ. ಆಂಟೆನಾವನ್ನು ಅಡ್ಡವಾಗಿ ಒಮ್ಮೆ, ನೆಟ್ಟಗೆ ಒಮ್ಮೆ ಇಟ್ಟು ಕೇಳಿ, ಚೆನ್ನಾಗಿರುವುದನ್ನು ಉಳಿಸಿಕೊಳ್ಳಿ. ತಗಡಿನ ಮಾಳಿಗೆಯಿಂದ ಕನಿಷ್ಠ ಒಂದು ಮೀಟರ್ ಮೇಲಿರಲಿ. ಗುಡುಗು ಮಿಂಚು ಶುರುವಾಗುವ ಮೊದಲೇ ಕೇಬಲ್ ಕಳಚಿಡಿ.

ಸಂಜಿಮುಂದ ಲೈಟ್ ಹಾಕಿದ ಕೂಡ್ಲೆ ಸೊಂಯ್ ಅಂತೈತಿ. ರೇಡಿಯೊ ಕೆಟ್ಟದ?

ಬಹುತೇಕ ರೇಡಿಯೊ ಕೆಟ್ಟಿರುವುದಿಲ್ಲ. ಕಡಿಮೆ ಬೆಲೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಇವುಗಳ ಒಳಗಿನ ಸರ್ಕ್ಯೂಟು ಎಫ್‌ಎಂ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ. ಸೆಲ್ ಹಾಕಿದ ರೇಡಿಯೊ ಇಟ್ಟುಕೊಂಡು ಮನೆಯ ಮೇನ್ ಸ್ವಿಚ್ ತೆಗೆಯಿರಿ. ಗದ್ದಲ ನಿಂತರೆ ಕಾರಣ ಮನೆಯೊಳಗೇ ಇದೆ. ಒಂದೊಂದೇ ಬಲ್ಬು ಹಾಕುತ್ತ ಬಂದರೆ ಯಾವುದೆಂದು ಸಿಕ್ಕಿಬೀಳುತ್ತದೆ. ನಿಲ್ಲದಿದ್ದರೆ ಪಕ್ಕದ ಮನೆ, ಬೀದಿದೀಪ ಇಲ್ಲವೇ ದುರ್ಬಲ ಸಿಗ್ನಲ್.

ಹೊಸ ಮೊಬೈಲ್‌ನಲ್ಲಿ ಎಫ್‌ಎಂ ಇಲ್ಲವಲ್ಲ, ಆಪ್‌ನಲ್ಲಿ ಕೇಳಿದರೆ ಸಾಲದೇ?

ಫೋನಿನೊಳಗೆ ಎಫ್‌ಎಂ ಇದ್ದರೂ ಅದನ್ನು ಮುಚ್ಚಿಟ್ಟು ಮಾರುವ ರೂಢಿ ಬೆಳೆದಿತ್ತು. ಹಾಗೆ ಮಾಡಬೇಡಿ ಎಂದು ಕೇಂದ್ರದ ಐಟಿ ಸಚಿವಾಲಯ 2023ರ ಏಪ್ರಿಲ್‌ನಲ್ಲಿ ತಯಾರಕರಿಗೆ ಸಲಹೆ ಕೊಟ್ಟಿತು. ಎಫ್‌ಎಂ ಇರುವ ಫೋನಿಗೆ ತಂತಿಯ ಇಯರ್‌ಫೋನ್ ಚುಚ್ಚಬೇಕು, ಆ ತಂತಿಯೇ ಆಂಟೆನಾ. ಬ್ಲೂಟೂತ್‌ನಿಂದ ಈ ಕೆಲಸ ಆಗುವುದಿಲ್ಲ.

ಆಕಾಶವಾಣಿಯ ನ್ಯೂಸ್ ಆನ್ ಏರ್ ಆಪ್‌ನಲ್ಲಿ ಹಲವು ಕೇಂದ್ರಗಳು ಸಿಗುತ್ತವೆ. 64 ಕಿಲೋಬಿಟ್ ವೇಗದ ಪ್ರಸಾರಕ್ಕೆ ಗಂಟೆಗೆ ಸುಮಾರು 29 ಎಂಬಿ ಡೇಟಾ ಹೋಗುತ್ತದೆ. ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದವರಿಗೆ ಇದು ದೊಡ್ಡ ಉಪಕಾರ. ಆದರೆ ಹೊಲದಲ್ಲಿ ನೆಟ್‌ವರ್ಕ್ ಇಲ್ಲದ ಕಡೆ, ಕರೆಂಟು ಹೋಗಿ ಮೊಬೈಲ್ ಗೋಪುರ ಸತ್ತ ರಾತ್ರಿ ಆಪ್ ಕೆಲಸಕ್ಕೆ ಬರುವುದಿಲ್ಲ. ಎರಡು ಸೆಲ್ಲಿನ ರೇಡಿಯೊ ಒಂದು ಮನೆಯಲ್ಲಿರಲಿ.

ಬೆಳಗಿನ ಜಾವ ನಮ್ಮ ಕೇಂದ್ರದ ಮ್ಯಾಲೆ ತೆಲುಗು ಹಾಡು ಬರ್ತಾವ. ಇದೇನು?

ಚಳಿಗಾಲದ, ಬೇಸಿಗೆಯ ಬೆಳಗಿನ ಹೊತ್ತು ನೆಲದ ಹತ್ತಿರ ತಂಪು ಗಾಳಿ, ಮೇಲೆ ಬಿಸಿ ಗಾಳಿ ನಿಂತಾಗ ಎಫ್‌ಎಂ ಅಲೆ ಬಾಗಿ ನೂರಾರು ಕಿಲೋಮೀಟರ್ ದಾಟಿ ಬರುತ್ತದೆ. ಆಂಧ್ರ, ತೆಲಂಗಾಣದ ಕೇಂದ್ರಗಳು ಹೀಗೆ ಒಳಬರುತ್ತವೆ. ಒಂದೇ ಕಂಪನಾಂಕದಲ್ಲಿ ಎರಡು ಬಂದರೆ ಎಫ್‌ಎಂ ರೇಡಿಯೊ ಬಲವಾದುದನ್ನು ಹಿಡಿದು ಇನ್ನೊಂದನ್ನು ಬಿಟ್ಟುಬಿಡುತ್ತದೆ. ಅದಕ್ಕೇ ಎರಡೂ ಬೆರೆಯದೆ ಪೂರ್ತಿ ತೆಲುಗೇ ಕೇಳುತ್ತದೆ. ಬಿಸಿಲೇರಿದರೆ ತಾನೇ ಸರಿಹೋಗುತ್ತದೆ.

## ಕಾರ್ಯಕ್ರಮ ಬದಲಾದದ್ದು ಹೇಗೆ

ಎಫ್‌ಎಂ ಬರೂಕ್ಕಿಂತ ಮೊದಲು ನಮ್ಮ ಹಿರಿಯರು ಏನು ಕೇಳ್ತಿದ್ರು?

ಒಂದೊಂದು ಜಿಲ್ಲೆಯ ಕಿವಿ ಒಂದೊಂದು ದಿಕ್ಕಿಗಿತ್ತು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಹೈದರಾಬಾದಿನ ಡೆಕ್ಕನ್ ರೇಡಿಯೊ 1950ರ ಏಪ್ರಿಲ್ 1ರಂದು ಆಕಾಶವಾಣಿಗೆ ಸೇರಿತು. ಬಳ್ಳಾರಿ 1953ರ ಅಕ್ಟೋಬರ್‌ವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಧಾರವಾಡ ಕೇಂದ್ರ 1950ರಲ್ಲಿ, ಕಲಬುರಗಿ 1966ರಲ್ಲಿ ಶುರುವಾದ ಮೇಲೆ ಉತ್ತರ ಕರ್ನಾಟಕದ ಮಾತು, ರಂಗಗೀತೆ, ವಚನ ಮನೆಮನೆಗೆ ಬಂದವು. ಆಗ ರೇಡಿಯೊ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕಿತ್ತು, ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಬೇಕಿತ್ತು. ಅದು 1980ರ ದಶಕದಲ್ಲಿ ರದ್ದಾಯಿತು.

ಜಿಲ್ಲಾ ಮಟ್ಟದ ಎಫ್‌ಎಂ ಕೇಂದ್ರಗಳು ಆಮೇಲಿನ ಕಥೆ. ಒಂದೆರಡು ಜಿಲ್ಲೆಗೆ ಸಾಕಾಗುವಷ್ಟು ಶಕ್ತಿಯ ಟ್ರಾನ್ಸ್‌ಮಿಟರ್, ಚಿಕ್ಕ ಸ್ಟುಡಿಯೊ, ಬೆರಳೆಣಿಕೆಯ ಸಿಬ್ಬಂದಿ, ಆ ಜಿಲ್ಲೆಯ ವಿಷಯ: ಯೋಜನೆ ಇದ್ದದ್ದು ಹಾಗೆ. ಈ ಕಲ್ಪನೆ ತುಂಬ ಒಳ್ಳೆಯದಾಗಿತ್ತು ಎಂದು ಇವತ್ತಿಗೂ ನಂಬುತ್ತೇವೆ.

ಮೊದಲು ನಮ್ಮೂರಿನ ಕಾರ್ಯಕ್ರಮ ಬರ್ತಿದ್ವು, ಈಗ ಹೊತ್ತೆಲ್ಲಾ ಬ್ಯಾರೆ ಊರಿಂದೇ. ಯಾಕ್ರೀ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುಗರ ರುಚಿ ಬದಲಾಯಿತು ಎಂಬ ಉತ್ತರ ಪೂರ್ತಿ ನಿಜವಲ್ಲ. ಹೆಚ್ಚಿನ ಸಲ ಕಾರಣ ಸರದಿಪಟ್ಟಿಯಲ್ಲಿರುತ್ತದೆ.

ಕೇಂದ್ರದ ದಿನ ಮೂರು ಪ್ರಸಾರಗಳದ್ದು: ಬೆಳಗ್ಗೆ, ಮಧ್ಯಾಹ್ನ, ಸಂಜೆ. ಪ್ರತಿ ಪ್ರಸಾರಕ್ಕೆ ಒಬ್ಬ ಉದ್ಘೋಷಕರೆಂದರೂ ತಿಂಗಳಿಗೆ 90 ಸರದಿ. ಕಾಯಂ ಉದ್ಘೋಷಕರು ನಿವೃತ್ತರಾದಂತೆ ಆ ಜಾಗ ಖಾಲಿ ಉಳಿಯುತ್ತ ಬಂತು, ಕೆಲಸ ಅರೆಕಾಲಿಕರ ಮೇಲೆ ಬಿತ್ತು. ಅರೆಕಾಲಿಕರಿಗೆ ತಿಂಗಳಿಗೆ ಆರು ಸರದಿಯ ಮಿತಿ ಹಾಕುವ ಪದ್ಧತಿಯಿದೆ. ಅಂದರೆ ಮೂರೂ ಪ್ರಸಾರ ನಡೆಸಲು ಹದಿನೈದು ಮಂದಿ ತರಬೇತಾದ ದನಿಗಳು ಬೇಕು. ಅಷ್ಟು ಜನ ಸಿಗದಿದ್ದರೆ, ಅವರ ಸಂಭಾವನೆಗೆ ಹಣ ಕಡಿಮೆಯಾದರೆ, ಮೊದಲು ಹೋಗುವುದು ಮಧ್ಯಾಹ್ನದ ಪ್ರಸಾರ. ಆ ಜಾಗಕ್ಕೆ ವಿವಿಧ ಭಾರತಿ ಅಥವಾ ಬೆಂಗಳೂರು, ಧಾರವಾಡದ ಕಾರ್ಯಕ್ರಮ ಸಹಪ್ರಸಾರವಾಗಿ ಬರುತ್ತದೆ. ಅದಕ್ಕೆ ಒಬ್ಬ ತಾಂತ್ರಿಕ ಸಿಬ್ಬಂದಿ ಸಾಕು.

ಒಂದು ಸಲ ಸಹಪ್ರಸಾರಕ್ಕೆ ಹೋದ ಹೊತ್ತು ಮರಳಿ ಬರುವುದು ಕಷ್ಟ. ಸ್ಥಳೀಯ ಹೊತ್ತು ಕಡಿಮೆಯಾದರೆ ಸ್ಥಳೀಯ ಜಾಹೀರಾತು ಕಡಿಮೆ. ಜಾಹೀರಾತು ಕಡಿಮೆಯಾದರೆ ಕೇಂದ್ರದ ಗಳಿಕೆ ಕಡಿಮೆ. ಆ ಗಳಿಕೆಯನ್ನು ತೋರಿಸಿಯೇ ಇನ್ನಷ್ಟು ಹೊತ್ತು ಕಡಿತ. ವಿವಿಧ ಭಾರತಿಯ ಮೇಲೆ ನಮ್ಮ ದೂರಿಲ್ಲ. 1957ರ ಅಕ್ಟೋಬರ್ 3ರಿಂದ ಅದು ಕೋಟ್ಯಂತರ ಜನರ ಸಂಗಾತಿ. ಆದರೆ ಸಿಂಧನೂರಿನ ಭತ್ತದ ರೈತನಿಗೆ ಕಾಲುವೆ ನೀರಿನ ಸುದ್ದಿಯನ್ನು ಅದು ಹೇಳಲಾರದು.

ಪತ್ರ ಬರದ್ರ ಏನಾರ ಆಗ್ತೈತೇನು? ಯಾರು ಓದ್ತಾರ?

ಆಗುತ್ತದೆ, ಪತ್ರ ಸರಿಯಾಗಿದ್ದರೆ. ಕೇಂದ್ರದ ದಿನಚರಿಯನ್ನು ನಿರ್ಧರಿಸುವುದು ಫಿಕ್ಸ್‌ಡ್ ಪಾಯಿಂಟ್ ಚಾರ್ಟ್. ಯಾವ ವಾರ, ಯಾವ ಹೊತ್ತಿಗೆ, ಎಷ್ಟು ನಿಮಿಷ, ಏನು ಎಂದು ಅದರಲ್ಲಿ ಇರುತ್ತದೆ. ಅದನ್ನು ತಿದ್ದುವಾಗ ಕಾರ್ಯಕ್ರಮ ವಿಭಾಗಕ್ಕೆ ಆಧಾರ ಬೇಕು, ಕಡತದಲ್ಲಿ ಸೇರಿದ ಪತ್ರವೇ ಆ ಆಧಾರ. ವಾಟ್ಸಾಪ್ ಸಂದೇಶ ಕಳೆದುಹೋಗುತ್ತದೆ.

"ಕಾರ್ಯಕ್ರಮ ಚೆನ್ನಾಗಿಲ್ಲ" ಎಂದು ಬರೆಯಬೇಡಿ. ಕಾರ್ಯಕ್ರಮದ ಹೆಸರು, ಕೇಳಿದ ದಿನಾಂಕ, ಹೊತ್ತು, ನಿಮ್ಮ ಊರು, ದನಿ ಸ್ಪಷ್ಟವಿತ್ತೇ, ಏನು ಬೇಕು, ಯಾವ ಹೊತ್ತಿಗೆ ಬೇಕು, ಇಷ್ಟನ್ನು ಅರ್ಧ ಪುಟದಲ್ಲಿ ಬರೆಯಿರಿ. ಒಂದೇ ಊರಿನ ಇಪ್ಪತ್ತು ಜನ ಒಂದೇ ಕಾಗದಕ್ಕೆ ಸಹಿ ಹಾಕುವುದಕ್ಕಿಂತ ಐದು ಊರಿನ ಐದು ಬೇರೆ ಬೇರೆ ಪತ್ರ ಹೆಚ್ಚು ತೂಕದ್ದು, ಏಕೆಂದರೆ ಅದರಿಂದ ಪ್ರಸಾರ ಎಲ್ಲೆಲ್ಲಿ ತಲುಪುತ್ತಿದೆ ಎಂಬುದೂ ತಿಳಿಯುತ್ತದೆ. ಮೆಚ್ಚುಗೆಯನ್ನೂ ಬರೆಯಿರಿ. ಒಳ್ಳೆಯ ಕಾರ್ಯಕ್ರಮ ಸದ್ದಿಲ್ಲದೆ ನಿಲ್ಲುವುದು ಯಾರೂ ಬರೆಯದಿದ್ದಾಗ.

ರೈತರ ಕಾರ್ಯಕ್ರಮ ಈಗ್ಲೂ ಯಾರಾದ್ರೂ ಕೇಳ್ತಾರಾ?

ಕೇಳುತ್ತಾರೆ, ಅದರಲ್ಲಿ ಆ ವಾರದ ಮಾತಿದ್ದರೆ. 2004ರಲ್ಲಿ ಶುರುವಾದ ಕಿಸಾನ್‌ವಾಣಿ ದೇಶದ 96 ಎಫ್‌ಎಂ ಕೇಂದ್ರಗಳಿಂದ ವಾರಕ್ಕೆ ಆರು ದಿನ, ದಿನಕ್ಕೆ ಅರ್ಧ ಗಂಟೆ ಬರುವಂತೆ ರೂಪಿಸಿದ್ದು. ಚೌಕಟ್ಟು ದೆಹಲಿಯದು, ತುಂಬಬೇಕಾದದ್ದು ಇಲ್ಲಿನದು. ತುಂಗಭದ್ರಾ ಎಡದಂಡೆಗೆ ನೀರು ಬಿಡುವ ದಿನ, ಗಂಗಾವತಿ ಭಾಗದ ಭತ್ತಕ್ಕೆ ಬಂದ ರೋಗ, ರಾಯಚೂರು ಮಾರುಕಟ್ಟೆಯ ಹತ್ತಿ, ತೊಗರಿ ಧಾರಣೆ, ಸಿರುಗುಪ್ಪದಲ್ಲಿ ಸಸಿ ಮಡಿಯ ಹೊತ್ತು: ಇವು ಬಂದ ದಿನ ಫೋನ್ ಬಿಡುವಿಲ್ಲದೆ ಬರುತ್ತದೆ. ಆರು ತಿಂಗಳ ಹಿಂದೆ ಧ್ವನಿಮುದ್ರಿಸಿದ ಸಾಮಾನ್ಯ ಉಪನ್ಯಾಸ ಹಾಕಿದ ದಿನ ಯಾರೂ ಮಾಡುವುದಿಲ್ಲ.

ಬುರ್ರಕಥೆ, ತತ್ವಪದ, ಬಯಲಾಟ ಎಲ್ಲಾ ಎಲ್ಲಿ ಹೋದ್ವು?

ಈ ನೆಲದಲ್ಲಿ ಸರಕಿಗೆ ಬರವಿಲ್ಲ. ಸಂಡೂರು ತಾಲೂಕಿನ ದರೋಜಿ ಈರಮ್ಮನವರ ಬುರ್ರಕಥೆ, ಸುಭದ್ರಮ್ಮ ಮನ್ಸೂರರ ರಂಗಗೀತೆ, ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆಯಾಟ, ಮಾನ್ವಿ ಸೀಮೆಯ ದಾಸರ ಪದ, ಊರೂರಿನ ಭಜನಾ ಮೇಳದ ತತ್ವಪದ. ಈ ಮೂವರು ಕಲಾವಿದರೂ ಈಗಿಲ್ಲ.

ತೊಡಕು ಎರಡು ಕಡೆ. ಮೊದಲನೆಯದು ಅವಧಿ. ಬುರ್ರಕಥೆ ರಾತ್ರಿಯಿಡೀ ನಡೆಯುವ ಕಲೆ, ಕೇಂದ್ರದಲ್ಲಿರುವುದು ಹದಿನೈದು ಅಥವಾ ಮೂವತ್ತು ನಿಮಿಷದ ಜಾಗ. ಮಧ್ಯೆ ಕತ್ತರಿಸಿದರೆ ಕಥೆ ಸಾಯುತ್ತದೆ. ಧಾರಾವಾಹಿಯಂತೆ ಒಂದೊಂದು ಪ್ರಸಂಗವನ್ನು ಪೂರ್ತಿ ಮುಗಿಸಿ ಮುಂದಿನ ವಾರಕ್ಕೆ ಎಳೆ ಬಿಡುವುದೇ ಸರಿಯಾದ ದಾರಿ. ಎರಡನೆಯದು ಸಂಗ್ರಹ. ಹಳೆಯ ಟೇಪು ನಮ್ಮ ಬಿಸಿಲಿಗೆ, ದೂಳಿಗೆ ಅಂಟಿಕೊಳ್ಳುತ್ತದೆ; ಪದರ ಕಿತ್ತುಬರುತ್ತದೆ. ಅಂಥ ಟೇಪನ್ನು ಪರೀಕ್ಷೆಗೆಂದು ಓಡಿಸಿ ನೋಡಬಾರದು. ಕೊನೆಯ ಸಲ ಓಡುವುದಿದ್ದರೆ ಅದು ನಕಲು ಮಾಡುವಾಗಲೇ ಓಡಲಿ.

ನಿಮ್ಮ ಮನೆಯಲ್ಲಿ ಹಾಗೆ ಅಂಟಿಕೊಳ್ಳದ ಕ್ಯಾಸೆಟ್ ಇದ್ದರೆ ಮೊದಲು ಕೊನೆಯವರೆಗೆ ವೇಗವಾಗಿ ಸುತ್ತಿ ಹಿಂದಕ್ಕೆ ಸುತ್ತಿ, ಆಮೇಲೆ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಕಡತವಾಗಿ ಇಳಿಸಿಕೊಳ್ಳಿ. ಎಂಪಿ3 ಮಾತ್ರ ಉಳಿಸಿ ಮೂಲ ಎಸೆಯಬೇಡಿ. ಹಾಡಿದವರ ಹೆಸರು, ಊರು, ವರ್ಷವನ್ನು ಕಡತದ ಹೆಸರಿನಲ್ಲೇ ಬರೆಯಿರಿ.

ಹೊಸದಾಗಿ ಹಾಡಬೇಕೆನ್ನುವವರು ಆಕಾಶವಾಣಿಯ ಧ್ವನಿ ಪರೀಕ್ಷೆಗೆ ಅರ್ಜಿ ಹಾಕಬೇಕು. ಆಯ್ಕೆಯಾದವರಿಗೆ ಬಿ, ಬಿ ಹೈ, ಎ, ಟಾಪ್ ಎಂಬ ಶ್ರೇಣಿ ಸಿಗುತ್ತದೆ, ಸಂಭಾವನೆ ಅದರ ಮೇಲೆ. ಜಾನಪದದವರು ತಪ್ಪುವುದು ಒಂದೇ ಕಡೆ: ಸಿನಿಮಾ ಧಾಟಿಯಲ್ಲಿ ಕೀಬೋರ್ಡ್ ಹಚ್ಚಿಕೊಂಡು ಬರುತ್ತಾರೆ. ಏಕತಾರಿ, ದಮ್ಮಡಿ, ತಾಳ ತನ್ನಿ. ನಿಮ್ಮೂರಿನ ಧಾಟಿಯನ್ನೇ ಹಾಡಿ.

## ಹಣ, ಜಾಹೀರಾತು, ಖಾಸಗಿಯವರು

ನಂದು ಚಿಕ್ಕ ಬಟ್ಟಿ ಅಂಗಡಿ. ರೇಡಿಯೊದಾಗ ಜಾಹೀರಾತು ಕೊಟ್ರ ಲಾಭ ಐತೇನು?

ರೇಡಿಯೊ ಜಾಹೀರಾತಿನ ಅಳತೆ 10 ಸೆಕೆಂಡ್. 30 ಸೆಕೆಂಡಿನದು ಮೂರು ಅಳತೆ. ಕನ್ನಡದಲ್ಲಿ ಸ್ಪಷ್ಟವಾಗಿ ಓದಿದರೆ 30 ಸೆಕೆಂಡಿಗೆ ಐವತ್ತು ಪದ ಹಿಡಿಯುತ್ತದೆ, ಅಷ್ಟೇ. ಅಂಗಡಿಯವರು ಎಂಬತ್ತು ಪದ ಬರೆದುಕೊಂಡು ಬರುತ್ತಾರೆ, ಓದುವವರು ಓಡುತ್ತಾರೆ, ಕೇಳುವವರಿಗೆ ಏನೂ ಉಳಿಯುವುದಿಲ್ಲ.

ಅಂಗಡಿಯ ಹೆಸರು ಎರಡು ಸಲ, ಗುರುತಿನ ಜಾಗ ಒಂದು ಸಲ, ಹೇಳುವ ವಿಷಯ ಒಂದೇ ಇರಲಿ. ಫೋನ್ ನಂಬರ್ ಬೇಡ, ಬೈಕ್ ಮೇಲೆ ಹೋಗುವವರು ಬರೆದುಕೊಳ್ಳಲಾರರು. ಒಂದೇ ದಿನ ಹತ್ತು ಸಲ ಬರುವುದಕ್ಕಿಂತ ಎರಡು ವಾರ ಒಂದೇ ಹೊತ್ತಿಗೆ ಬರುವುದು ಮೇಲು. ಬಳ್ಳಾರಿಯ ಜೀನ್ಸ್ ವ್ಯಾಪಾರಿಗೆ ಬೆಂಗಳೂರಿಂದ ಸಹಪ್ರಸಾರವಾಗುವ ಹೊತ್ತಿನಲ್ಲಿ ಜಾಗ ಸಿಗುವುದಿಲ್ಲ ಎಂಬುದನ್ನು ನೆನಪಿಡಿ. ಸ್ಥಳೀಯ ಪ್ರಸಾರದ ಹೊತ್ತನ್ನು ಕೇಳಿ ತಿಳಿದುಕೊಂಡೇ ಹಣ ಕಟ್ಟಿ.

ಇಲ್ಲಿ ಎಷ್ಟು ಜನ ಕೇಳ್ತಾರೆ ಅಂತ ಲೆಕ್ಕ ಹೇಗೆ ಗೊತ್ತಾಗುತ್ತದೆ?

ಟಿವಿಗೆ ಇರುವಂಥ ನಿತ್ಯದ ಅಳತೆ ಇಲ್ಲಿಗಿಲ್ಲ. ರೇಡಿಯೊ ಕೇಳುಗರ ನಿಯಮಿತ ಮಾಪನ ನಡೆದದ್ದು ದೆಹಲಿ, ಮುಂಬೈ, ಕೋಲ್ಕತ್ತ, ಬೆಂಗಳೂರಿನಲ್ಲಿ. ಉಳಿದವರು ಫೋನ್ ಕರೆ ಎಣಿಸುತ್ತಾರೆ, ಅದು ದಾರಿ ತಪ್ಪಿಸುತ್ತದೆ: ಪದೇ ಪದೇ ಕರೆ ಮಾಡುವವರು ಅದೇ ಹತ್ತಿಪ್ಪತ್ತು ಮಂದಿ. ಕರೆ ಎಷ್ಟು ಎನ್ನುವುದಕ್ಕಿಂತ ಎಷ್ಟು ಬೇರೆ ಊರಿಂದ ಎಂದು ಬರೆದಿಡಿ. ವರ್ಷಕ್ಕೆ ಎರಡು ಸಲ ಸಂತೆಯ ದಿನ ನಿಂತು "ನಿನ್ನೆ ರೇಡಿಯೊ ಕೇಳಿದಿರಾ, ಯಾವ ಹೊತ್ತು, ಏನು" ಎಂದು ಇನ್ನೂರು ಜನರನ್ನು ಕೇಳಿ. "ನೀವು ರೇಡಿಯೊ ಕೇಳುತ್ತೀರಾ" ಎಂದು ಕೇಳಿದರೆ ಮರ್ಯಾದೆಗೆ ಹೌದೆನ್ನುತ್ತಾರೆ.

ಖಾಸಗಿ ಎಫ್‌ಎಂ ಬಳ್ಳಾರಿ, ರಾಯಚೂರಿಗೆ ಬಂದರೆ ಆಕಾಶವಾಣಿ ಮುಚ್ಚುತ್ತದೆಯೇ?

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಅಲ್ಲಿಯವರೆಗೆ ಖಾಸಗಿ ಎಫ್‌ಎಂ ಇರದ 234 ಊರುಗಳಲ್ಲಿ 730 ವಾಹಿನಿಗಳ ಹರಾಜಿಗೆ ಒಪ್ಪಿತು. ಬಳ್ಳಾರಿ, ರಾಯಚೂರು, ಹೊಸಪೇಟೆ ಆ ಪಟ್ಟಿಯಲ್ಲಿವೆ. ವಾರ್ಷಿಕ ಶುಲ್ಕ ಜಿಎಸ್‌ಟಿ ಬಿಟ್ಟು ಒಟ್ಟು ಆದಾಯದ ಶೇ 4.

ಹರಾಜಿನ ಹಣ ತೆತ್ತು ಬಂದ ವಾಹಿನಿ ಚಿಕ್ಕ ಊರಿನಲ್ಲಿ ಬದುಕಬೇಕೆಂದರೆ ಖರ್ಚು ತಗ್ಗಿಸಲೇಬೇಕು. ಬೆಂಗಳೂರಲ್ಲಿ ಮುದ್ರಿಸಿದ ಮಾತು, ಹಿಟ್ ಹಾಡು, ನಡುನಡುವೆ ಊರಿನ ಹೆಸರು, ಇದು ಸುಲಭದ ದಾರಿ. ಹಾಡೂ ಪುಕ್ಕಟೆಯಲ್ಲ. 2010ರಲ್ಲಿ ಕಾಪಿರೈಟ್ ಮಂಡಳಿ ನಿವ್ವಳ ಜಾಹೀರಾತು ಆದಾಯದ ಶೇ 2 ಎಂದು ಹಾಡಿನ ಗೌರವಧನ (ರಾಯಲ್ಟಿ) ನಿಗದಿ ಮಾಡಿತ್ತು. 2020ರ ಡಿಸೆಂಬರ್ 31ರ ಆದೇಶ ಅದನ್ನು ಹಾಡು ಹಾಕಿದ ಗಂಟೆಯ ಲೆಕ್ಕಕ್ಕೆ ತಂದಿತು. ಜೊತೆಗೆ ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಹೇಳುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಹಾಕಬಹುದು. ಹವಾಮಾನ, ಸಂಚಾರ, ಪರೀಕ್ಷಾ ಫಲಿತಾಂಶ, ನೀರು-ಕರೆಂಟಿನ ಪ್ರಕಟಣೆ ಹೇಳಬಹುದು. ಗಂಟೆಗೆ ಹತ್ತು ನಿಮಿಷ ಸುದ್ದಿಗೆ ಅವಕಾಶ ಕೊಡಿ ಎಂದು 2023ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಶಿಫಾರಸು ಮಾಡಿತ್ತು.

ಆದ್ದರಿಂದ ಆಕಾಶವಾಣಿಗೆ ಹೆದರಿಕೆ ಹಾಡಿನ ಹೊತ್ತಿನಲ್ಲಿ ಮಾತ್ರ. ಸುದ್ದಿ, ಕೃಷಿ, ಊರಿನ ಕಲೆ ಅದರ ಕೈಯಲ್ಲೇ ಇವೆ. ಅವನ್ನೂ ಸಹಪ್ರಸಾರಕ್ಕೆ ಬಿಟ್ಟುಕೊಟ್ಟರೆ ಕೇಳುಗರು ಅತ್ತ ಹೋಗುವುದಕ್ಕೆ ಖಾಸಗಿಯವರನ್ನು ದೂರುವಂತಿಲ್ಲ.

## ಕೇಂದ್ರ ಕಟ್ಟುವವರಿಗೆ

ನಮ್ಮ ಸಂಘದಿಂದ ಒಂದು ಸಮುದಾಯ ಬಾನುಲಿ ತೆಗಿಬಹುದಾ?

ನೋಂದಣಿಯಾಗಿ ಕನಿಷ್ಠ ಮೂರು ವರ್ಷ ಸಮಾಜದ ಕೆಲಸ ಮಾಡಿದ, ಲಾಭದ ಉದ್ದೇಶವಿಲ್ಲದ ಸಂಸ್ಥೆ, ಶಿಕ್ಷಣ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ ಅರ್ಜಿ ಹಾಕಬಹುದು. ವ್ಯಕ್ತಿಗಳಿಗೆ, ರಾಜಕೀಯ ಪಕ್ಷಗಳಿಗೆ, ಲಾಭದ ಕಂಪನಿಗಳಿಗೆ ಕೊಡುವುದಿಲ್ಲ. 2002ರ ನೀತಿಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಇದ್ದ ಅವಕಾಶ 2006ರಲ್ಲಿ ಸಂಘ ಸಂಸ್ಥೆಗಳಿಗೂ ತೆರೆಯಿತು.

ಅರ್ಜಿ ಹೋಗುವುದು ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ. ಅದು ಒಪ್ಪಿದರೆ ಆಶಯ ಪತ್ರ, ಆಮೇಲೆ ಕಂಪನಾಂಕ ಹಂಚಿಕೆ ಮತ್ತು ಗೋಪುರದ ಜಾಗದ ಅನುಮತಿ, ಕೊನೆಗೆ ಒಪ್ಪಂದ. ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಗೋಪುರದ ಜಾಗದಲ್ಲಿ: ಅಕ್ಷಾಂಶ ರೇಖಾಂಶ ತಪ್ಪು ಬರೆದಿರುತ್ತಾರೆ, ಇಲ್ಲವೇ ಅರ್ಜಿಯಲ್ಲಿ ಒಂದು ಕಟ್ಟಡ, ಕಟ್ಟಿದ್ದು ಇನ್ನೊಂದರ ಮೇಲೆ. ಅಕ್ಷಾಂಶವನ್ನು ಗೋಪುರ ನಿಲ್ಲುವ ಜಾಗದಲ್ಲೇ ನಿಂತು ತೆಗೆದುಕೊಳ್ಳಿ.

ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಆ ಸಮುದಾಯದ ಜನರೇ ಸೇರಿ ಇಲ್ಲೇ ಮಾಡಿದ್ದಾಗಿರಬೇಕು. ಪ್ರಸಾರವಾದದ್ದನ್ನು ಮೂರು ತಿಂಗಳು ಉಳಿಸಿಡಬೇಕು. ಸ್ವಂತ ಸುದ್ದಿಗೆ ಇಲ್ಲೂ ಅವಕಾಶವಿಲ್ಲ.

100 ವಾಟ್ ಅಂದರೆ ಎಷ್ಟು ದೂರ? ಏನೇನು ಸಾಮಾನು ಬೇಕು?

ಸಮುದಾಯ ಬಾನುಲಿಗೆ ಸಾಮಾನ್ಯ ಮಿತಿ 100 ವಾಟ್ ಪರಿಣಾಮಕಾರಿ ವಿಕಿರಣ ಶಕ್ತಿ (ಟ್ರಾನ್ಸ್‌ಮಿಟರಿನ ಶಕ್ತಿಗೆ ಆಂಟೆನಾದ ಬಲ ಸೇರಿ ಹೊರಬೀಳುವ ಶಕ್ತಿ), ನೆಲದಿಂದ 30 ಮೀಟರ್ ಎತ್ತರದ ಆಂಟೆನಾ. ಬಯಲಿನಲ್ಲಿ ಹತ್ತು ಕಿ.ಮೀ. ಆಸುಪಾಸು ಚೆನ್ನಾಗಿ ಕೇಳುತ್ತದೆ. ಮಸ್ಕಿ, ಕುಷ್ಟಗಿಯಂಥ ಕಡೆ ಗುಡ್ಡದ ಹಿಂದೆ ಐದೂ ಕಷ್ಟ.

50 ವಾಟ್ ಟ್ರಾನ್ಸ್‌ಮಿಟರ್, ಸುಮಾರು ಎರಡು ಪಟ್ಟು ಬಲ ಕೊಡುವ ಆಂಟೆನಾ, ನಷ್ಟ ಕಡಿಮೆಯ ದಪ್ಪ ಕೇಬಲ್, ಮಿಕ್ಸರ್, ಎರಡು ಮೂರು ಮೈಕು, ಎರಡು ಕಂಪ್ಯೂಟರ್, ಯುಪಿಎಸ್, ಭೂಸಂಪರ್ಕ (ಅರ್ತಿಂಗ್). ಇವುಗಳಲ್ಲಿ ಕೊನೆಯದಕ್ಕೇ ಕಡಿಮೆ ಖರ್ಚು ಮಾಡುತ್ತಾರೆ, ಮೊದಲ ಸಿಡಿಲಿಗೆ ಟ್ರಾನ್ಸ್‌ಮಿಟರ್ ಹೋಗುತ್ತದೆ. ನಮ್ಮದು ಕಲ್ಲುನೆಲ, ಒಂದು ಗುಂಡಿ ಸಾಲದು. ಮೂರು ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ತಾಮ್ರದ ಪಟ್ಟಿಯಿಂದ ಒಂದಕ್ಕೊಂದು ಜೋಡಿಸಿ, ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ಗೋಪುರದ ಭೂಸಂಪರ್ಕ ಮತ್ತು ಸ್ಟುಡಿಯೊದ ಭೂಸಂಪರ್ಕವನ್ನು ದಪ್ಪ ಪಟ್ಟಿಯಿಂದ ಸೇರಿಸಿ. ಬೇರೆ ಬೇರೆ ಬಿಟ್ಟರೆ ಸಿಡಿಲಿನ ಹೊತ್ತು ಅವೆರಡರ ನಡುವಿನ ವ್ಯತ್ಯಾಸವೇ ಮಿಕ್ಸರನ್ನು ಸುಡುತ್ತದೆ.

ಟ್ರಾನ್ಸ್‌ಮಿಟರಿನಲ್ಲಿ ದಿನಾ ನೋಡಬೇಕಾದ ಮುಳ್ಳು ಹಿಂದಿರುಗುವ ಶಕ್ತಿಯದು, ಅಂದರೆ ಆಂಟೆನಾದಿಂದ ಹೊರಬೀಳದೆ ವಾಪಸ್ ಬರುವ ಶಕ್ತಿಯದು. ಅದು ದಿನದಿಂದ ದಿನಕ್ಕೆ ನಿಧಾನವಾಗಿ ಏರುತ್ತಿದ್ದರೆ ಕೇಬಲ್ಲಿನ ಕೊಂಡಿಗೆ ನೀರಿಳಿದಿದೆ; ತಟ್ಟನೆ ಏರಿದರೆ ಕೊಂಡಿ ಬಿಟ್ಟಿದೆ, ಕೂಡಲೇ ಬಂದ್ ಮಾಡಿ. ರಾಯಚೂರಿನ ಮೇ ತಿಂಗಳಲ್ಲಿ ಟ್ರಾನ್ಸ್‌ಮಿಟರ್ ತಾನೇ ಶಕ್ತಿ ಇಳಿಸಿಕೊಳ್ಳುವುದು ದೋಷವಲ್ಲ, ಬಿಸಿಯ ರಕ್ಷಣೆ. ದೂಳು ಹಿಡಿದ ಫ್ಯಾನಿನ ಜಾಳಿಗೆಯನ್ನು ವಾರಕ್ಕೊಮ್ಮೆ ತೊಳೆಯಿರಿ.

ನಮ್ಮ ಕೇಂದ್ರದ ದನಿ ಚುಚ್ಚಿದಂತೆ ಇದೆ, "ಸ", "ಶ" ಎಲ್ಲಾ ಸೀಟಿ ಹೊಡೆಯುತ್ತವೆ.

ಟ್ರಾನ್ಸ್‌ಮಿಟರಿನ ಪ್ರೀ-ಎಂಫಸಿಸ್ ನೋಡಿ, ಅಂದರೆ ಎತ್ತರದ ಸ್ವರಗಳನ್ನು ಬಲಪಡಿಸಿ ಕಳಿಸುವ ಹೊಂದಾಣಿಕೆ. ಭಾರತದಲ್ಲಿ 50 ಮೈಕ್ರೋಸೆಕೆಂಡ್. ಅಮೆರಿಕದ ಮಾರುಕಟ್ಟೆಗೆ ಮಾಡಿದ ಯಂತ್ರ 75ಕ್ಕೆ ಹೊಂದಿಸಿ ಬಂದಿರುತ್ತದೆ. ಆಗ ಎತ್ತರದ ಸ್ವರಗಳು ಇಲ್ಲಿನ ರೇಡಿಯೊದಲ್ಲಿ ಅತಿಯಾಗಿ ಕೇಳುತ್ತವೆ. ಅದು ಸರಿಯಿದ್ದರೆ ಮೈಕು ನೋಡಿ: ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇರಲಿ. ಧ್ವನಿಮುದ್ರಣದ ಶಿಖರ ಮೈನಸ್ 12 ಡೆಸಿಬೆಲ್ ದಾಟದಿರಲಿ. ಎಂಪಿ3ಯನ್ನು ತಿದ್ದಿ ಮತ್ತೆ ಎಂಪಿ3 ಮಾಡುತ್ತ ಹೋದರೂ ಇದೇ ಸೀಟಿ ಬರುತ್ತದೆ.

ಅನುದಾನ ಮುಗಿದ ಮೇಲೆ ಕೇಂದ್ರ ನಡೆಸೋದು ಹ್ಯಾಂಗ?

ಸಮುದಾಯ ಬಾನುಲಿಗಳು ನಿಲ್ಲುವುದು ಹೆಚ್ಚಾಗಿ ಮೂರನೆಯ ವರ್ಷ, ಅನುದಾನ ಮುಗಿದು ಮೊದಲ ತಂಡ ಬೇರೆ ಕೆಲಸ ಹಿಡಿದಾಗ. 2024ರ ಪರಿಷ್ಕೃತ ಮಾರ್ಗಸೂಚಿ ಜಾಹೀರಾತನ್ನು ಗಂಟೆಗೆ 7ರಿಂದ 12 ನಿಮಿಷಕ್ಕೆ ಏರಿಸಿತು, ಸರ್ಕಾರಿ ಜಾಹೀರಾತಿನ ದರವನ್ನು 10 ಸೆಕೆಂಡಿಗೆ 52ರಿಂದ 74 ರೂಪಾಯಿ ಮಾಡಿತು. 12 ನಿಮಿಷ ಎಂದರೆ 72 ಅಳತೆ, ಗಂಟೆಗೆ 5,328 ರೂಪಾಯಿ. ಕಾಗದದ ಮೇಲೆ ಚೆನ್ನಾಗಿದೆ; ಅಷ್ಟು ಸರ್ಕಾರಿ ಜಾಹೀರಾತು ಪ್ರತಿ ಗಂಟೆ ಯಾರಿಗೂ ಬರುವುದಿಲ್ಲ, ಬಂದದ್ದರ ಹಣ ಕೈಸೇರಲು ತಿಂಗಳುಗಳು ಹಿಡಿಯುತ್ತವೆ. ಆ ಹಣವನ್ನು ಸಂಬಳಕ್ಕೆ ನೆಚ್ಚಿಕೊಳ್ಳಬೇಡಿ, ದುರಸ್ತಿ ನಿಧಿಗೆ ಹಾಕಿ.

ಸಂಬಳಕ್ಕೆ ಊರಿನ ಸಣ್ಣ ಜಾಹೀರಾತು, ಮದುವೆ, ಜಾತ್ರೆ, ಕಾಲೇಜು ಪ್ರವೇಶದ ಪ್ರಕಟಣೆ ಬೇಕು. ಮತ್ತು ದಿನಕ್ಕೆ ಹದಿನಾರು ಗಂಟೆ ಪ್ರಸಾರ ಮಾಡುತ್ತೇವೆಂದು ಹೊರಡಬೇಡಿ. ಎರಡು ಗಂಟೆ ಹೊಸದು, ಅದನ್ನೇ ಸಂಜೆ ಮತ್ತೊಮ್ಮೆ. ಒಳ್ಳೆಯ ಅರ್ಧ ಗಂಟೆಯ ಹಿಂದೆ ಒಂದು ದಿನದ ತಿರುಗಾಟ, ಅರ್ಧ ದಿನದ ಸಂಕಲನವಿರುತ್ತದೆ. ಪ್ರತಿ ಕೆಲಸ ಕನಿಷ್ಠ ಇಬ್ಬರಿಗೆ ಬರಬೇಕು.

ಡ್ಯಾಮ್‌ನಿಂದ ನೀರು ಬಿಟ್ಟಾಗ, ಆಪತ್ತು ಬಂದಾಗ ಎಫ್‌ಎಂ ಏನು ಹೇಳಬೇಕು, ಏನು ಹೇಳಬಾರದು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಅಂಥ ರಾತ್ರಿ ಮೊಬೈಲ್‌ನಲ್ಲಿ ನಿಜಕ್ಕಿಂತ ಗಾಳಿಸುದ್ದಿ ಬೇಗ ಓಡುತ್ತದೆ. ಆಪತ್ತಿನ ಪ್ರಕಟಣೆಗೆ ಮಾದರಿಯನ್ನು ಮೊದಲೇ ಬರೆದು ಸ್ಟುಡಿಯೊದ ಗೋಡೆಗೆ ಅಂಟಿಸಿಡಬೇಕು: ಯಾರು ಹೇಳಿದ್ದು (ತುಂಗಭದ್ರಾ ಮಂಡಳಿ ಅಥವಾ ಜಿಲ್ಲಾಡಳಿತ), ಎಷ್ಟು ಗಂಟೆಗೆ ಹೇಳಿದ್ದು, ಹೊರಹರಿವು ಎಷ್ಟು ಕ್ಯೂಸೆಕ್, ಯಾವ ಯಾವ ಊರಿನವರು ಏನು ಮಾಡಬೇಕು, ಮುಂದಿನ ಮಾಹಿತಿ ಎಷ್ಟು ಗಂಟೆಗೆ.

ಊರಿನ ಹೆಸರನ್ನು ನದಿ ಹರಿಯುವ ಕ್ರಮದಲ್ಲೇ ಓದಿ: ಆನೆಗೊಂದಿ, ಕಂಪ್ಲಿ, ಆಮೇಲೆ ಸಿರುಗುಪ್ಪ ಕಡೆ, ರಾಯಚೂರು ಜಿಲ್ಲೆಯ ದಂಡೆ. "ತಗ್ಗು ಪ್ರದೇಶದವರು ಎಚ್ಚರ" ಎಂದರೆ ಯಾರೂ ತಮಗೆ ಎಂದುಕೊಳ್ಳುವುದಿಲ್ಲ. ಕಂಪ್ಲಿ ಸೇತುವೆ ಬಂದ್ ಆಗಿದ್ದರೆ ಗಂಗಾವತಿಗೆ ಬೇರೆ ದಾರಿ ಯಾವುದೆಂದೂ ಹೇಳಿ. ಹದಿನೈದು ನಿಮಿಷಕ್ಕೊಮ್ಮೆ ಪೂರ್ತಿ ಪ್ರಕಟಣೆಯನ್ನು ಓದಿ. ಆಗಷ್ಟೇ ರೇಡಿಯೊ ಹಾಕಿದವರಿಗೆ ಹಿಂದಿನದು ಗೊತ್ತಿರುವುದಿಲ್ಲ. ಹೊಸ ಮಾಹಿತಿ ಬರದಿದ್ದರೆ "ಹೊಸದಿಲ್ಲ, ಹತ್ತು ಗಂಟೆಯ ಮಾಹಿತಿಯೇ ಈಗಲೂ ಜಾರಿಯಲ್ಲಿದೆ" ಎಂದು ಹೇಳಿ. ನೇರ ಕರೆಯಲ್ಲಿ ಬಂದ ಮಾತನ್ನು ಖಾತ್ರಿಯಿಲ್ಲದೆ ಗಾಳಿಗೆ ಬಿಡಬೇಡಿ. ಕರೆ ತೆಗೆದುಕೊಂಡು ಬರೆದುಕೊಳ್ಳಿ, ತಹಶೀಲ್ದಾರರ ಕಚೇರಿಗೆ ಕೇಳಿ, ಆಮೇಲೆ ಓದಿ.

ಜನರೇಟರಿಗೆ ಕನಿಷ್ಠ ಎರಡು ದಿನದ ಡೀಸೆಲ್ ಮಳೆಗಾಲದ ಮೊದಲೇ ತುಂಬಿಸಿಡಿ, ತಿಂಗಳಿಗೊಮ್ಮೆ ಲೋಡ್ ಕೊಟ್ಟು ಅರ್ಧ ಗಂಟೆ ಓಡಿಸಿ. ಲೋಡ್ ಇಲ್ಲದೆ ಓಡಿಸಿ ನೋಡಿದ ಜನರೇಟರ್ ಬೇಕಾದ ರಾತ್ರಿ ಟ್ರಾನ್ಸ್‌ಮಿಟರ್ ಹೊರದೆ ನಿಲ್ಲುವುದುಂಟು.